ಕುಸಿಯುವ ಒಡಲು, ಉಬ್ಬುವ ಮೈ

ಒಳಗೆ ಕುಸಿತ ಶುರುವಾಗಿದೆ. ನೂರಾರು ಕೋಟಿ ವರ್ಷ ಉರಿಯುತ್ತಲೇ ಬಂದ ನಟ್ಟನಡುವಿನ ಹೈಡ್ರೋಜನ್ ಮುಗಿದುಹೋಗಿದೆ. ಉಳಿದಿರುವುದು ಹೀಲಿಯಂ, ಅದಕ್ಕೆ ಹೊತ್ತಿಕೊಳ್ಳುವಷ್ಟು ಕಾವು ಇನ್ನೂ ಸಿಕ್ಕಿಲ್ಲ. ಉರಿಯಿಲ್ಲದೆ ಒಳಗಿನಿಂದ ಹೊರಕ್ಕೆ ಒತ್ತುವ ಬಲ ಸಾಲುತ್ತಿಲ್ಲ. ಮೇಲಿನಿಂದ ಒಂದು ಇಡೀ ಸೂರ್ಯನಷ್ಟು ಭಾರ ಅದುಮುತ್ತಿದೆ. ನಡುಭಾಗ ಹಿಂಡಿಕೊಳ್ಳುತ್ತದೆ, ಬಿಸಿಯಾಗುತ್ತದೆ, ಮತ್ತೆ ಹಿಂಡಿಕೊಳ್ಳುತ್ತದೆ. ಆ ಬಿಸಿಗೆ ಸುತ್ತಲಿನ ತೆಳು ಪದರದಲ್ಲಿದ್ದ ಹೈಡ್ರೋಜನ್ ಹಿಂದೆಂದೂ ಇಲ್ಲದ ರಭಸದಲ್ಲಿ ಉರಿಯತೊಡಗಿದೆ. ರಭಸ ತಾಳಲಾರದೆ ಹೊರಮೈ ಉಬ್ಬುತ್ತಿದೆ. ಎರಡು ಪಟ್ಟು. ಹತ್ತು ಪಟ್ಟು. ನಲವತ್ತು ಪಟ್ಟು. ಉಬ್ಬಿದಷ್ಟೂ ಮೈ ತಣಿಯುತ್ತದೆ, ತಣಿದಷ್ಟೂ ಬಣ್ಣ ಇಳಿಯುತ್ತದೆ. ಬಿಳಿಹಳದಿ ಇದ್ದದ್ದು ಕಿತ್ತಳೆಯಾಗಿದೆ.

ಇದು ರೋಹಿಣಿ. ಇಂಗ್ಲಿಷಿನವರ ಪಟ್ಟಿಯಲ್ಲಿ ಆಲ್ಡೆಬರಾನ್. ಖಗೋಳವಿಜ್ಞಾನಿಗಳ ಲೆಕ್ಕದಲ್ಲಿ ಕಿತ್ತಳೆ ದೈತ್ಯ. ಭೂಮಿಯಿಂದ ಸುಮಾರು 65 ಜ್ಯೋತಿರ್ವರ್ಷ ದೂರದಲ್ಲಿ ಈ ಕ್ಷಣವೂ ಅದು ಬದುಕಿಗಾಗಿ ಸೆಣಸುತ್ತಿದೆ. ನಾನು ಅದನ್ನು ಕಣ್ಣು ಮಿಟುಕಿಸದೆ ನೋಡಿದ್ದು ಒಂದು ಅಟ್ಟಣೆಯ ಮೇಲೆ ಅಂಗಾತ ಮಲಗಿ. ಅಟ್ಟಣೆಯ ಕೆಳಗೆ ಒಂಟಿ ಸಲಗ ನಿಂತಿತ್ತು.

ಜಾಗ ಹೆಗ್ಗಡದೇವನಕೋಟೆ ತಾಲ್ಲೂಕಿನ ಅಂಚು. ಒಂದು ಕಡೆ ನಾಗರಹೊಳೆಯ ಕಾಡು, ಇನ್ನೊಂದು ಕಡೆ ಕಬಿನಿಯ ಹಿನ್ನೀರು, ನಡುವೆ ದೊಡ್ಡಪ್ಪನ ರಾಗಿ ಹೊಲ. ಡಿಸೆಂಬರಿನ ಮೊದಲ ವಾರ, ಅಮಾವಾಸ್ಯೆಯ ಆಸುಪಾಸಿನ ಕತ್ತಲು. ತೆನೆ ಬಲಿತು ತಲೆಬಾಗಿದೆ. ಹುಣಸೂರಿನ ವೀರನಹೊಸಹಳ್ಳಿಯಿಂದ ಕೋಟೆ ತಾಲ್ಲೂಕಿನ ಅಂತರಸಂತೆಯವರೆಗೂ ಕಾಡಂಚಿನ ಊರುಗಳಲ್ಲಿ ಈ ಕಾಲದಲ್ಲಿ ಸಂಜೆಯಾದರೆ ಗಂಡಸರು ಮರ ಹತ್ತುತ್ತಾರೆ. ಆನೆ ಕಂದಕವಿದೆ, ಸೋಲಾರ್ ಬೇಲಿಯಿದೆ, ಕೆಲವು ಕಡೆ ರೈಲು ಕಂಬಿಯ ತಡೆಯೂ ಬಂದಿದೆ. ಆದರೆ ಮಳೆಗೆ ಕಂದಕದ ದಡ ಜರಿದು ಮಣ್ಣು ತುಂಬಿದ ಕಡೆ ಆನೆಗೆ ಅದೇ ದಾರಿ. ನಮ್ಮ ಹೊಲದ ಬಲಮೂಲೆಯಲ್ಲಿ ದಡ ಜರಿದಿತ್ತು. ಒಂದು ಹಿಂಡು ಒಂದು ರಾತ್ರಿ ನುಗ್ಗಿದರೆ ಮನೆಯವರ ವರ್ಷದ ಹಿಟ್ಟು ಹೋದಂತೆಯೇ.

ದೊಡ್ಡಪ್ಪ ಟಾರ್ಚು, ಪಟಾಕಿ, ತಗಡಿನ ಡಬ್ಬ, ಎರಡು ಕಂಬಳಿ ಮೇಲೆ ಸಾಗಿಸಿದರು. ಏಣಿಯನ್ನೂ ಎಳೆದುಕೊಂಡೆವು. ಸೂರ್ಯ ಕಾಡಿನ ಹಿಂದೆ ಇಳಿದ. ಕತ್ತಲು ಕವಿಯುತ್ತಿದ್ದಂತೆ ಎದುರಿಗೆ, ಹಿನ್ನೀರಿನ ಕಡೆ, ಕೃತ್ತಿಕೆಯ ಗೊಂಚಲಿನ ಬೆನ್ನಿಗೇ ಒಂದು ಕೆಂಡದ ಚುಕ್ಕೆ ಮೇಲೆದ್ದಿತು.

"ಅದೇನ್ಲಾ ಮಗ, ಅಷ್ಟು ಕೆಂಪಗೆ?"

"ರೋಹಿಣಿ, ದೊಡ್ಡಪ್ಪ."

"ರೋಣಿ ಮಳೆ ಬರೋದು ಹೊಗೆಸೊಪ್ಪು ನಾಟಿ ಹಾಕೋ ಟೈಮಲ್ವೇನ್ಲಾ? ಇವಾಗ್ಯಾಕ್ ಬಂತು?"

ಎಂಥ ಸರಿಯಾದ ಪ್ರಶ್ನೆ! ಮೇ ಕೊನೆಯ ವಾರದಿಂದ ಸುಮಾರು ಎರಡು ವಾರ ರೋಹಿಣಿ ಮಳೆ. ಹುಣಸೂರು, ಪಿರಿಯಾಪಟ್ಟಣ, ಕೋಟೆ, ಕೃಷ್ಣರಾಜನಗರದ ಒಕ್ಕಲುಮಕ್ಕಳು ಅದನ್ನು ನಂಬಿಯೇ ತಂಬಾಕಿನ ಸಸಿ ಊರುತ್ತಾರೆ. ಆ ಎರಡು ವಾರ ರೋಹಿಣಿ ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ, ಯಾಕೆಂದರೆ ಸೂರ್ಯ ಅದರ ದಿಕ್ಕಿನಲ್ಲೇ ನಿಂತಿರುತ್ತಾನೆ. ಹಗಲಿನಲ್ಲಿ ಹುಟ್ಟಿ ಹಗಲಿನಲ್ಲೇ ಮುಳುಗುತ್ತದೆ. ಆರು ತಿಂಗಳು ಕಳೆದು ಸೂರ್ಯ ಆಕಾಶದ ಆಚೆ ಬದಿಗೆ ಹೋದಾಗ ಅದು ಸಂಜೆಗೆ ಹುಟ್ಟಿ, ನಡುರಾತ್ರಿ ನೆತ್ತಿಗೆ ಬಂದು, ಬೆಳಗಾಗುವಾಗ ಮುಳುಗುತ್ತದೆ. ರಾಗಿ ಕಾಯುವವನಿಗೆ ಇಡೀ ರಾತ್ರಿಯ ಜೊತೆಗಾರ.

ಅದರ ಅಕ್ಕಪಕ್ಕ ವಿ ಆಕಾರದಲ್ಲಿ ಸಣ್ಣ ಚುಕ್ಕೆಗಳಿವೆ. ನಮ್ಮ ಹಿಂದಿನವರು ಆ ಗುಂಪಿನಲ್ಲಿ ಒಂದು ಬಂಡಿಯನ್ನು ಕಂಡು ರೋಹಿಣೀ ಶಕಟ ಎಂದರು. ನೋಡಲು ಎಲ್ಲವೂ ಒಂದೇ ಸಂಸಾರ. ನಿಜದಲ್ಲಿ ಆ ಗುಂಪು 150 ಜ್ಯೋತಿರ್ವರ್ಷದಷ್ಟು ದೂರದಲ್ಲಿದೆ. ರೋಹಿಣಿ ಅದರ ಅರ್ಧಕ್ಕಿಂತಲೂ ಹತ್ತಿರ, ಒಂಟಿಯಾಗಿ ನಿಂತಿದೆ.

ಎಂಟಾಯಿತು. ಒಂಬತ್ತಾಯಿತು. ಈಶಾನ್ಯದಲ್ಲಿ ಪುನರ್ವಸುವಿನ ಜೋಡಿ ಚುಕ್ಕೆಗಳು ಮೇಲೆದ್ದವು. ಅವುಗಳಲ್ಲಿ ಹೆಚ್ಚು ಬೆಳಗುವ ಪೊಲಕ್ಸ್ ಕೂಡ ಕಿತ್ತಳೆ ದೈತ್ಯವೇ: 34 ಜ್ಯೋತಿರ್ವರ್ಷ ದೂರ, ಸೂರ್ಯನ ಸುಮಾರು 9 ಪಟ್ಟು ಅಗಲ. ಈ ಬಳಗದಲ್ಲಿ ನಮಗೆ ಅತಿ ಹತ್ತಿರದ್ದು ಅದು. ದೊಡ್ಡಪ್ಪ ಬೀಡಿ ಹಚ್ಚಲಿಲ್ಲ. ವಾಸನೆ ಕಾಡಿಗೆ ಹೋಗುತ್ತದೆ. ನಾನು ಪಿಸುದನಿಯಲ್ಲಿ ಹೇಳುತ್ತ ಹೋದೆ. ಬಣ್ಣ ಎಂದರೆ ಕಾವು ಎಂಬುದನ್ನು ಅವರಿಗೆ ವಿವರಿಸಬೇಕಾಗಲೇ ಇಲ್ಲ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಹೊಗೆಸೊಪ್ಪು ಹದಮಾಡುವ ಬ್ಯಾರನ್ ಒಲೆಯ ಮುಂದೆ ರಾತ್ರಿಗಳನ್ನು ಕಳೆದ ಮನುಷ್ಯ ಅವರು. ಒಲೆಯ ಬಾಯಿ ಯಾವಾಗ ಮಂಕು ಕೆಂಪು, ಯಾವಾಗ ಕಿತ್ತಳೆ, ಯಾವಾಗ ಹಳದಿ, ಸೊಪ್ಪು ಯಾವಾಗ ಕರಕಲಾಗುತ್ತದೆ ಎಂದು ಕಣ್ಣಳತೆಯಲ್ಲಿ ಹೇಳಬಲ್ಲವರು. ಆಕಾಶದಲ್ಲೂ ಅದೇ ನಿಯಮ. ಸೂರ್ಯನ ಮೈಯ ಕಾವು ಸುಮಾರು 5,500 ಡಿಗ್ರಿ ಸೆಲ್ಸಿಯಸ್. ಪೊಲಕ್ಸ್‌ನದು 4,500ರ ಹತ್ತಿರ. ರೋಹಿಣಿಯದು 3,600ರ ಆಸುಪಾಸು. ಕಾವು ಇಳಿದಂತೆ ಬಣ್ಣ ಹಳದಿಯಿಂದ ಕಿತ್ತಳೆಗೆ, ಕಿತ್ತಳೆಯಿಂದ ಕೆಂಪಿಗೆ ಜಾರುತ್ತದೆ.

"ಹಂಗಾರೆ ಕಾವು ಕಮ್ಮಿ. ಆದ್ರೂ ಇಷ್ಟ್ ಬೆಳಗ್ತದಲ್ಲ?"

ಅದೇ ಸೋಜಿಗ. ರೋಹಿಣಿಯ ಮೈಯ ಒಂದು ಚದರ ಮೀಟರ್ ಸೂಸುವ ಶಕ್ತಿ ಸೂರ್ಯನ ಒಂದು ಚದರ ಮೀಟರ್ ಸೂಸುವುದರ ಐದರಲ್ಲೊಂದು ಭಾಗ ಮಾತ್ರ. ಆದರೆ ಅದರ ಅಡ್ಡಗಲ ಸೂರ್ಯನ ಸುಮಾರು 44 ಪಟ್ಟು. ಹಾಗಾದರೆ ಮೈಯ ಹರವು 44ರ 44 ಪಟ್ಟು, ಅಂದರೆ ಸುಮಾರು 1,900. ಅದನ್ನು ಐದರಿಂದ ಭಾಗಿಸಿ ನೋಡಿ: ಒಟ್ಟು ಬೆಳಕು ಸೂರ್ಯನ ಸುಮಾರು 400 ಪಟ್ಟು! ನಮ್ಮ ಸೂರ್ಯನನ್ನು ತೆಗೆದು ಆ ಜಾಗದಲ್ಲಿ ರೋಹಿಣಿಯನ್ನಿಟ್ಟರೆ ಅದರ ಅಂಚು ಬುಧಗ್ರಹದ ಕಕ್ಷೆಯ ಅರ್ಧದವರೆಗೆ ಚಾಚುತ್ತದೆ. ಈಗ ಅರ್ಧ ಡಿಗ್ರಿಯಷ್ಟೇ ಕಾಣುವ ಸೂರ್ಯಬಿಂಬದ ಬದಲು 24 ಡಿಗ್ರಿ ಅಗಲದ ಕಿತ್ತಳೆ ಬಿಂಬ ದಿಗಂತದ ಮೇಲೆ ಏಳುತ್ತದೆ. ಕಬಿನಿ, ಲಕ್ಷ್ಮಣತೀರ್ಥ, ಕಾವೇರಿ ಮೂರೂ ಆವಿಯಾಗುತ್ತವೆ. ಬೆಟ್ಟದಪುರದ ಬಂಡೆ ಬೆಂಕಿಯಂತೆ ಕಾಯುತ್ತದೆ.

ಹನ್ನೊಂದು ದಾಟಿತ್ತು. ಎಲ್ಲೋ ದೂರದ ಹೊಲದಲ್ಲಿ ಡಬ್ಬ ಬಡಿದ ಸದ್ದು. ಒಂದು ಕೂಗು. ಮತ್ತೆ ಮೌನ. ದೊಡ್ಡಪ್ಪ ನನ್ನ ಮೊಣಕೈ ಹಿಡಿದರು.

"ಅಲ್ಲಾಡಬ್ಯಾಡ."

ಕಂದಕದ ಜರಿದ ಮೂಲೆಯಲ್ಲಿ ಮಣ್ಣು ಉರುಳಿತು. ಕತ್ತಲಿಗಿಂತ ಕಪ್ಪಗಿನ ಒಂದು ಆಕಾರ ಮೇಲೆದ್ದು ನಿಂತಿತು. ಹಿಂಡಲ್ಲ. ಒಂಟಿ. ಹಿಂಡಾದರೆ ಮರಿಗಳಿರುತ್ತವೆ, ಸದ್ದಿಗೆ ಬೆದರುತ್ತವೆ. ಒಂಟಿ ಸಲಗ ಪಟಾಕಿಗೂ ಜಗ್ಗದೆ ಸದ್ದು ಬಂದ ಕಡೆಗೇ ನುಗ್ಗುವುದುಂಟು. ಅದು ನೇರ ನಮ್ಮ ಮರದತ್ತ ಬಂತು. ತೆನೆ ಮುರಿಯುವ ಚರಚರ ಸದ್ದು. ಉಸಿರಿನ ಬುಸುಗು. ಆಮೇಲೆ ಅಟ್ಟಣೆಯ ಗಳುಗಳು ಒಮ್ಮೆ ನಡುಗಿದವು. ಅದು ಕಾಂಡಕ್ಕೆ ಮೈ ಉಜ್ಜುತ್ತಿತ್ತು. ನನ್ನ ಮೈ ಕಂಬಳಿಯಡಿ ಬೆವರಿತು. ತಲೆ ಹೊರಳಿಸುವ ಹಾಗಿಲ್ಲ, ಕೆಮ್ಮುವ ಹಾಗಿಲ್ಲ. ಕಣ್ಣಿಗೆ ಸಿಕ್ಕಿದ್ದು ಕೊಂಬೆಗಳ ನಡುವಿನ ಒಂದು ಕಿಂಡಿ, ಆ ಕಿಂಡಿಯಲ್ಲಿ ನೆತ್ತಿಗೆ ಬಂದ ರೋಹಿಣಿ. ಹನ್ನೆರಡು ಡಿಗ್ರಿ ಉತ್ತರ ಅಕ್ಷಾಂಶದ ನಮ್ಮ ಸೀಮೆಯಲ್ಲಿ ಅದು ನಟ್ಟ ನೆತ್ತಿಯಿಂದ ನಾಲ್ಕೇ ಡಿಗ್ರಿ ಉತ್ತರಕ್ಕೆ ಹಾದುಹೋಗುತ್ತದೆ. ಪಿರಿಯಾಪಟ್ಟಣದ ಹೊಲದಲ್ಲಿ ಕಾವಲಿದ್ದವನಿಗೂ, ಕೃಷ್ಣರಾಜನಗರದ ಕಣದಲ್ಲಿ ಭತ್ತದ ರಾಶಿ ಕಾಯುತ್ತಿದ್ದವನಿಗೂ ಆ ಹೊತ್ತಿನಲ್ಲಿ ಅದು ತಲೆಯ ಮೇಲೆಯೇ ಇತ್ತು.

ನನ್ನ ಕಣ್ಣಿಗೆ ಬಿದ್ದ ಆ ಬೆಳಕು ಅಲ್ಲಿಂದ ಹೊರಟದ್ದು 1960ರ ಆಸುಪಾಸಿನಲ್ಲಿ. ಆಗ ಈ ರಾಜ್ಯದ ಹೆಸರು ಮೈಸೂರು. ಕಬಿನಿಗೆ ಅಣೆಕಟ್ಟು ಇರಲಿಲ್ಲ. ಅದು ಮುಗಿದದ್ದು 1974ರಲ್ಲಿ. ಈಗ ನೀರು ನಿಂತ ಜಾಗದಲ್ಲಿ ಹಳ್ಳಿಗಳಿದ್ದವು, ಕಾಡಿತ್ತು. ಕಾಕನಕೋಟೆಯಲ್ಲಿ ಆನೆ ಹಿಡಿಯುವ ಖೆಡ್ಡಾ ಇನ್ನೂ ನಿಂತಿರಲಿಲ್ಲ. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಬೆಳಕು ಹೊರಟಾಗ ಮನುಷ್ಯ ಆನೆಯನ್ನು ಸುತ್ತುವರಿಯುತ್ತಿದ್ದ. ಅದು ಬಂದು ಮುಟ್ಟುವಾಗ ಆನೆ ನಮ್ಮಿಬ್ಬರನ್ನು ಮರದ ಮೇಲೆ ಕೂಡಿಹಾಕಿತ್ತು.

ಮತ್ತೊಮ್ಮೆ ಗಳು ನಡುಗಿತು. ದೊಡ್ಡಪ್ಪನ ತುಟಿ ನನ್ನ ಕಿವಿಯ ಹತ್ತಿರ: "ಉಸ್ರು ಎತ್ತಬ್ಯಾಡ. ಗಾಳಿ ನಮ್ ಕಡೀಗೇ ಬೀಸ್ತಾ ಐತೆ. ಅದ್ಕೆ ವಾಸ್ನೆ ಸಿಕ್ಕಿಲ್ಲ."

ನಾನು ಭಯ ಮೆಟ್ಟಲು ಲೆಕ್ಕಕ್ಕೆ ಬಿದ್ದೆ. ಕೆಳಗೆ ಐದು ಟನ್ ಇರಬಹುದು. ಅದೇ ಆನೆ ರೋಹಿಣಿಯ ಮೇಲ್ಮೈಯಲ್ಲಿ ನಿಲ್ಲುವಂತಿದ್ದರೆ? ಅಲ್ಲಿನ ಗುರುತ್ವ ಭೂಮಿಯದರ ಅರವತ್ತರಲ್ಲೊಂದು ಭಾಗ. ಐದು ಟನ್ ಆನೆ ಅಲ್ಲಿ ಎಂಬತ್ತು ಕಿಲೋದಷ್ಟೇ ತೂಗುತ್ತಿತ್ತು. ನಿಲ್ಲುವುದಕ್ಕೆ ನೆಲವೂ ಇಲ್ಲ. ಎಂಬತ್ತು ಸಾವಿರಕ್ಕೂ ಹೆಚ್ಚು ಸೂರ್ಯರು ಹಿಡಿಸುವಷ್ಟು ಜಾಗದಲ್ಲಿ ಒಂದು ಸೂರ್ಯನಿಗಿಂತ ಕೊಂಚವೇ ಹೆಚ್ಚಿನ ದ್ರವ್ಯ ಹರಡಿಕೊಂಡಿದೆ. ಸರಾಸರಿ ಸಾಂದ್ರತೆ ನಾವು ಉಸಿರಾಡುವ ಗಾಳಿಯ ಅರವತ್ತರಲ್ಲೊಂದು ಪಾಲು. ಅಷ್ಟು ತೆಳು. ಅಷ್ಟು ಸಡಿಲ ಹಿಡಿತ. ಅದಕ್ಕೇ ಹೊರಮೈಯ ಅನಿಲ ಸೋರಿ ಹೋಗುತ್ತಿರುತ್ತದೆ, ಸೂರ್ಯ ಕಳೆದುಕೊಳ್ಳುವುದಕ್ಕಿಂತ ನೂರಾರು ಪಟ್ಟು ವೇಗದಲ್ಲಿ.

ಹೊರಗೆ ಹೀಗೆ ಏನೂ ಇಲ್ಲದಂತೆ ಹರಡಿಕೊಂಡ ಇದೇ ನಕ್ಷತ್ರದ ನಟ್ಟನಡುವೆ ಇರುವುದು ಭಯಂಕರ ಇಕ್ಕಟ್ಟು. ಸತ್ತ ಹೀಲಿಯಂನ ಆ ಗುಂಡು ಭೂಮಿಗಿಂತ ಕೆಲವೇ ಪಟ್ಟು ದೊಡ್ಡದು. ಅದರ ಒಂದು ಘನ ಸೆಂಟಿಮೀಟರ್ ನೂರಾರು ಕಿಲೋ ತೂಗುತ್ತದೆ. ಪರಮಾಣುಗಳೆಲ್ಲ ಒಡೆದು, ಎಲೆಕ್ಟ್ರಾನ್‌ಗಳು ಒಂದಕ್ಕೊಂದು ಒತ್ತಿಕೊಂಡಿವೆ. ಇನ್ನೂ ಒತ್ತಿದರೆ ಅವು ತಾಳುವುದಿಲ್ಲ ಎನ್ನುತ್ತವೆ. ಎರಡು ಎಲೆಕ್ಟ್ರಾನ್‌ಗಳು ಒಂದೇ ಸ್ಥಿತಿಯಲ್ಲಿ ಇರಕೂಡದು ಎಂಬುದು ಪ್ರಕೃತಿಯ ಕಟ್ಟಳೆ. ಆ ಕಟ್ಟಳೆಯ ಬಲದಿಂದಷ್ಟೇ ರೋಹಿಣಿ ಇಂದು ಬದುಕಿದೆ. ಉರಿ ಕೈಕೊಟ್ಟ ಮೇಲೆ ಅದನ್ನು ಹೊತ್ತು ನಿಂತಿರುವುದು ಈ ಎಲೆಕ್ಟ್ರಾನ್‌ಗಳ ಪ್ರತಿರೋಧ. ರಾತ್ರಿ ಆಕಾಶದಲ್ಲಿ ನೆಮ್ಮದಿಯಾಗಿ ಬೆಳಗುವ ಈ ಕಿತ್ತಳೆ ಬಣ್ಣವನ್ನು ಶಾಂತಿ ಎಂದುಕೊಳ್ಳುವವರನ್ನು ಕಂಡರೆ ನನಗೆ ಕೂಗಿ ಹೇಳಬೇಕೆನಿಸುತ್ತದೆ: ಆ ಅಗಲ, ಆ ತಂಪು, ಆ ತೆಳು, ಆ ಬಣ್ಣ ಪ್ರತಿಯೊಂದೂ ಒಳಗಿನ ಕುಸಿತ ಹೊರಗೆ ಬರೆದ ಗಾಯ.

ಸಲಗ ಕಾಂಡ ಬಿಟ್ಟಿತು. ಎರಡು ಹೆಜ್ಜೆ. ಸೊಂಡಿಲು ಮೇಲೆತ್ತಿತು; ಅದರ ತುದಿ ಅಟ್ಟಣೆಯ ಗಳುಗಳ ನಡುವೆ ತಡಕಾಡಿ, ನನ್ನ ಕಾಲಿನಿಂದ ಮೊಳ ದೂರದಲ್ಲಿದ್ದ ಕಂಬಳಿಯ ಅಂಚು ಮುಟ್ಟಿತು. ದೊಡ್ಡಪ್ಪನ ಕೈಯಲ್ಲಿ ಬೆಂಕಿಪೆಟ್ಟಿಗೆ. ಗೀರಿದರೆ ಎಲ್ಲ ಮುಗಿಯಿತು, ಗೀರದಿದ್ದರೂ ಮುಗಿಯಬಹುದು. ಅವರು ಗೀರಲಿಲ್ಲ.

ಪಕ್ಕದ ಹೊಲದಲ್ಲಿ ಒಮ್ಮೆಲೇ ಬೊಬ್ಬೆ ಎದ್ದಿತು. ನಾಲ್ಕೈದು ಟಾರ್ಚು, ಡಬ್ಬ, ಪಟಾಕಿಯ ಸರ. ಸಲಗ ಗಿರ್ರನೆ ತಿರುಗಿತು. ಘೀಳಿಟ್ಟಿತು. ನೆಲ ಅದುರಿತು. ಹೊಲದ ನಟ್ಟನಡುವೆ ದಾರಿ ಬಗೆದುಕೊಂಡು ಅದು ಆ ಬೆಳಕಿನ ಕಡೆಗೇ ಓಡಿತು. "ಮರ ಹತ್ರೋ! ಮರ ಹತ್ರೋ!" ದೊಡ್ಡಪ್ಪ ಎದ್ದು ನಿಂತು ಗಂಟಲು ಹರಿಯುವಂತೆ ಕೂಗಿದರು. ನಾನು ಡಬ್ಬ ಬಡಿದೆ. ಅವರು ಪಟಾಕಿ ಹಚ್ಚಿ ಎಸೆದರು. ಒಂದು, ಎರಡು, ಮೂರು. ಸಲಗ ನಡುವೆ ನಿಂತಿತು, ಆಚೆ ನೋಡಿತು, ಈಚೆ ನೋಡಿತು. ಆಮೇಲೆ ಎಡಕ್ಕೆ ತಿರುಗಿ ಹಿನ್ನೀರಿನ ದಿಕ್ಕಿಗೆ ಕತ್ತಲಲ್ಲಿ ಕರಗಿತು. ಆಚೆ ಹೊಲದಿಂದ ಕೂಗು ಬಂತು: ಎಲ್ಲರೂ ಮರದ ಮೇಲಿದ್ದಾರೆ, ಯಾರಿಗೂ ಏನೂ ಆಗಿಲ್ಲ.

ಕೈ ನಡುಗುವುದು ನಿಲ್ಲಲು ಬಹಳ ಹೊತ್ತು ಹಿಡಿಯಿತು. ದೊಡ್ಡಪ್ಪ ಎರಡು ಗುಟುಕು ನೀರು ಕುಡಿದು, ಏನೂ ಆಗದವರಂತೆ ಕೇಳಿದರು: "ಆಮ್ಯಾಕೇನಾಯ್ತದೆ ನಿನ್ ರೋಣೀಗೆ?"

ಆಮೇಲಿನದೇ ದೊಡ್ಡ ಕಥೆ. ಹೊರಪದರದ ಉರಿ ಹೀಲಿಯಂನ ಬೂದಿಯನ್ನು ನಡುವಿಗೆ ಸುರಿಯುತ್ತಲೇ ಇರುತ್ತದೆ. ಗುಂಡು ಭಾರವಾಗುತ್ತದೆ, ಇನ್ನೂ ಬಿಸಿಯಾಗುತ್ತದೆ. ಹೊರಮೈ ಇನ್ನೂ ಉಬ್ಬಿ ಕಿತ್ತಳೆಯಿಂದ ಕೆಂಪಿಗೆ ಇಳಿಯುತ್ತದೆ. ಒಳಗಿನ ಕಾವು 10 ಕೋಟಿ ಡಿಗ್ರಿ ಮುಟ್ಟಿದ ಕ್ಷಣ ಹೀಲಿಯಂ ಹೊತ್ತಿಕೊಳ್ಳುತ್ತದೆ. ಸಾಧಾರಣ ಅನಿಲವಾದರೆ ಬಿಸಿಯಾದೊಡನೆ ಹಿಗ್ಗಿ ತಣಿಯುತ್ತಿತ್ತು. ಇಲ್ಲಿ ಹಿಗ್ಗುವಿಕೆ ಇಲ್ಲ. ಎಲೆಕ್ಟ್ರಾನ್‌ಗಳ ಒತ್ತಡಕ್ಕೂ ಕಾವಿಗೂ ಸಂಬಂಧವೇ ಇಲ್ಲದಂತಾಗಿದೆ. ಕಾವು ಏರುತ್ತದೆ, ಉರಿ ಹೆಚ್ಚುತ್ತದೆ, ಕಾವು ಮತ್ತೂ ಏರುತ್ತದೆ. ತಡೆಯಿಲ್ಲ. ಕೆಲವೇ ಕ್ಷಣ ಆ ಪುಟ್ಟ ಗುಂಡು ಹೊರಹಾಕುವ ಶಕ್ತಿ ಸಾವಿರಾರು ಕೋಟಿ ಸೂರ್ಯರ ಶಕ್ತಿಗೆ, ಒಂದು ಇಡೀ ಗೆಲಾಕ್ಸಿಯ ಬೆಳಕಿಗೆ ಸಮ. ಇದಕ್ಕೆ ಹೀಲಿಯಂ ಸಿಡಿತ ಎನ್ನುತ್ತಾರೆ. ಹೊರಗೆ ನಿಂತು ನೋಡುವವನಿಗೆ ಏನೂ ಕಾಣುವುದಿಲ್ಲ! ಆ ಶಕ್ತಿಯೆಲ್ಲ ಹಿಂಡಿಕೊಂಡಿದ್ದ ಗುಂಡನ್ನು ಸಡಿಲಿಸುವುದಕ್ಕೇ ಖರ್ಚಾಗುತ್ತದೆ. ಎಲೆಕ್ಟ್ರಾನ್‌ಗಳ ಬಿಗಿ ಬಿಡುತ್ತದೆ, ನಡುಭಾಗ ಮತ್ತೆ ಉಸಿರಾಡುತ್ತದೆ. ಉಬ್ಬಿದ ಮೈ ಸೂರ್ಯನ ಹತ್ತು ಪಟ್ಟಿನಷ್ಟಕ್ಕೆ ಇಳಿದು, ಬಣ್ಣ ಕೆಂಪಿನಿಂದ ಮತ್ತೆ ಕಿತ್ತಳೆಗೆ ಏರುತ್ತದೆ. ಹೀಲಿಯಂ ಉರಿಸುತ್ತ ಇನ್ನೂ ಸುಮಾರು 10 ಕೋಟಿ ವರ್ಷದ ಬದುಕು. ರೋಹಿಣಿಗೆ ಆ ಗಳಿಗೆ ಇನ್ನೂ ಮುಂದಿದೆ. ಅದು ಮೆಟ್ಟಿಲು ಏರುತ್ತಿರುವ ನಕ್ಷತ್ರ.

ಹಾಗಾದರೆ ಏರುತ್ತಿರುವ ಕಿತ್ತಳೆ ದೈತ್ಯ ಯಾವುದು, ಸಿಡಿತವನ್ನು ದಾಟಿ ಇಳಿದು ಬಂದ ಕಿತ್ತಳೆ ದೈತ್ಯ ಯಾವುದು? ಎರಡಕ್ಕೂ ಬಣ್ಣ ಒಂದೇ, ಬೆಳಕೂ ಕೆಲವೊಮ್ಮೆ ಒಂದೇ. ಉತ್ತರ ಸಿಕ್ಕಿದ್ದು ನಕ್ಷತ್ರದ ನಡುಕದಿಂದ. ಕೆಪ್ಲರ್ ದೂರದರ್ಶಕ ನೂರಾರು ದೈತ್ಯಗಳ ಬೆಳಕಿನ ಅತಿಸಣ್ಣ ಏರಿಳಿತವನ್ನು ದಾಖಲಿಸಿತು. 2011ರಲ್ಲಿ ಟಿಮೊಥಿ ಬೆಡಿಂಗ್ ಮತ್ತು ಸಂಗಡಿಗರು ಅದನ್ನು ಬಿಡಿಸಿ ಓದಿದರು: ನಡುಭಾಗ ಸತ್ತು ಹೊರಪದರ ಉರಿಯುತ್ತಿದ್ದರೆ ಕೆಲವು ಕಂಪನಗಳ ಅವಧಿಗಳ ನಡುವಿನ ಅಂತರ ಸುಮಾರು 50 ಸೆಕೆಂಡು, ನಡುವೆ ಹೀಲಿಯಂ ಹೊತ್ತಿದ್ದರೆ 100ರಿಂದ 300 ಸೆಕೆಂಡು. ಮರದ ಕಾಂಡ ನಡುಗಿದ್ದರಿಂದ ಕೆಳಗೆ ಏನಿದೆ ಎಂದು ನಮಗೆ ತಿಳಿದಿತ್ತು. ವಿಜ್ಞಾನಿಗಳು ನೂರಾರು ಜ್ಯೋತಿರ್ವರ್ಷದಾಚೆಯ ನಡುಕ ಹಿಡಿದು ಬದುಕುಳಿದವರನ್ನು ಗುರುತಿಸಿದರು.

ಈ ಬೇಟೆಯಲ್ಲಿ ನಮ್ಮ ನೆಲದವರ ಕೈ ಸಣ್ಣದಲ್ಲ. 1957ರಲ್ಲೇ ಓಲಿನ್ ವಿಲ್ಸನ್ ಜೊತೆಗೂಡಿ ವೈನು ಬಪ್ಪು ಕಂಡುಹಿಡಿದದ್ದೇನೆಂದರೆ, ಇಂಥ ತಂಪು ನಕ್ಷತ್ರಗಳ ವರ್ಣಪಟಲದಲ್ಲಿ ಕ್ಯಾಲ್ಸಿಯಂನ ಒಂದು ಕಪ್ಪು ಗೆರೆಯ ನಡುವೆ ಹೊಳೆಯುವ ಸಣ್ಣ ಗೆರೆ ಎಷ್ಟು ಅಗಲವೋ ನಕ್ಷತ್ರ ಅಷ್ಟು ಪ್ರಖರ. ಗೆರೆ ಅಳೆದರೆ ದೈತ್ಯನ ನಿಜ ಬೆಳಕು, ಅದರಿಂದ ದೂರ. ಅದೇ ಬಪ್ಪು ಮುಂದೆ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯನ್ನು ಕಟ್ಟಿದರು. ಆ ಸಂಸ್ಥೆ ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿ 2 ಮೀಟರ್ ದೂರದರ್ಶಕವೊಂದನ್ನು ನಿಲ್ಲಿಸಿದೆ. ಉಸಿರು ಸಿಗದ ಆ ಚಳಿಯ ಬೆಟ್ಟಕ್ಕೆ ಪ್ರತಿ ರಾತ್ರಿ ವೀಕ್ಷಕರು ಹೋಗುವುದಿಲ್ಲ. ಬೆಂಗಳೂರಿನ ಪಕ್ಕದ ಹೊಸಕೋಟೆಯ ಕೋಣೆಯಲ್ಲಿ ಕುಳಿತು ಉಪಗ್ರಹದ ಮೂಲಕ ಅದನ್ನು ತಿರುಗಿಸುತ್ತಾರೆ.

ಆ ಸಂಸ್ಥೆಯವರು ಬೆನ್ನಟ್ಟಿದ್ದು ಲಿಥಿಯಂ ಅನ್ನು. ಲಿಥಿಯಂ ಬಹಳ ನಾಜೂಕು. 25 ಲಕ್ಷ ಡಿಗ್ರಿಯಲ್ಲಿ ನಾಶವಾಗುತ್ತದೆ. ದೈತ್ಯವಾಗುವಾಗ ನಕ್ಷತ್ರದ ಹೊರಮೈ ಆಳದವರೆಗೂ ಕುದಿದು ಕದಡುವುದರಿಂದ ಅದರ ಲಿಥಿಯಂ ಹೆಚ್ಚುಕಡಿಮೆ ಅಳಿಸಿಹೋಗಬೇಕು. ಆದರೂ ನೂರಕ್ಕೆ ಒಂದರಷ್ಟು ಕಿತ್ತಳೆ ದೈತ್ಯಗಳಲ್ಲಿ ಅದು ಹೇರಳ! ವೈ. ಭರತ್ ಕುಮಾರ್, ಬಿ. ಈಶ್ವರ ರೆಡ್ಡಿ ಮತ್ತು ಡೇವಿಡ್ ಲ್ಯಾಂಬರ್ಟ್ ಸುಮಾರು 2,000 ದೈತ್ಯಗಳನ್ನು ಜಾಲಾಡಿ 2011ರಲ್ಲಿ ಬೊಟ್ಟು ಮಾಡಿದ್ದು ಹೀಲಿಯಂ ಸಿಡಿತದ ಕಡೆಗೆ. 2020ರಲ್ಲಿ ಭರತ್ ಕುಮಾರ್, ರೆಡ್ಡಿ ಮತ್ತು ಸಂಗಡಿಗರು ಸಾವಿರಾರು ನಕ್ಷತ್ರಗಳ ಲೆಕ್ಕ ಹಿಡಿದು ಇನ್ನೂ ದೊಡ್ಡ ಮಾತು ಹೇಳಿದರು: ಸೂರ್ಯನಂಥ ನಕ್ಷತ್ರಗಳಲ್ಲಿ ಮೆಟ್ಟಿಲಿನ ತುದಿ ದಾಟಿ ಇಳಿದ ಮೇಲೆ ಲಿಥಿಯಂ ಸರಾಸರಿ 40 ಪಟ್ಟು ಏರುತ್ತದೆ. ಅದು ಕೆಲವರ ಅದೃಷ್ಟವಲ್ಲ, ಎಲ್ಲರ ಹಾದಿ.

ಆ ಲಿಥಿಯಂ ಬದುಕುವ ಬಗೆ ನನ್ನನ್ನು ಮತ್ತೆ ಮತ್ತೆ ಹಿಡಿದು ನಿಲ್ಲಿಸುತ್ತದೆ. ಒಳಗಿನ ಕಾವಿನಲ್ಲಿ ಎರಡು ಬಗೆಯ ಹೀಲಿಯಂ ಬೆಸೆದು ಬೆರಿಲಿಯಂ ಆಗುತ್ತದೆ. ಬೆರಿಲಿಯಂ ಲಿಥಿಯಂ ಆಗಿ ಬದಲಾಗುತ್ತದೆ. ಬದಲಾಗುವ ಹೊತ್ತಿಗೆ ಅದು ಇನ್ನೂ ಒಳಗೇ ಇದ್ದರೆ ಮುಗಿಯಿತು, ಹುಟ್ಟಿದ ಜಾಗದಲ್ಲೇ ಸುಟ್ಟುಹೋಗುತ್ತದೆ. ಅದಕ್ಕೂ ಮೊದಲು ಯಾವುದೋ ಪ್ರವಾಹ ಅದನ್ನು ಹೊತ್ತು ತಂಪಾದ ಹೊರವಲಯಕ್ಕೆ ಎಸೆಯಬೇಕು. ಎಸೆದರೆ ಬದುಕು, ತಡವಾದರೆ ಸಾವು. ನಮ್ಮ ಆಕಾಶದಲ್ಲಿ ಲಿಥಿಯಂ ತುಂಬಿದ ಪ್ರತಿಯೊಂದು ಕಿತ್ತಳೆ ದೈತ್ಯದ ಮೈಮೇಲೆ ಹಾಗೆ ತಪ್ಪಿಸಿಕೊಂಡು ಬಂದ ಕಣಗಳಿವೆ.

"ನಮ್ ಸೂರ್ಯಂಗೂ ಇದೇ ಗತಿಯಾ?"

ಇದೇ. ಸುಮಾರು 500 ಕೋಟಿ ವರ್ಷಕ್ಕೆ ನಡುವಿನ ಹೈಡ್ರೋಜನ್ ಮುಗಿಯುತ್ತದೆ. ಆಮೇಲೆ ಏರಿಕೆ. ಕ್ಲಾಸ್ ಪೀಟರ್ ಶ್ರೋಡರ್ ಮತ್ತು ರಾಬರ್ಟ್ ಸ್ಮಿತ್ 2008ರಲ್ಲಿ ಮಾಡಿದ ಲೆಕ್ಕದಂತೆ ಇಂದಿನಿಂದ ಸುಮಾರು 760 ಕೋಟಿ ವರ್ಷಕ್ಕೆ ಸೂರ್ಯ ಈಗಿನ 250 ಪಟ್ಟು ಅಗಲವಾಗಿ ಭೂಮಿಯನ್ನು ನುಂಗುತ್ತಾನೆ. ತಪ್ಪಿಸಿಕೊಂಡ ಗ್ರಹ ಒಂದೂ ಇಲ್ಲವೇ? ಇದೆ! ಲಘು ಸಪ್ತರ್ಷಿ ಮಂಡಲದ ಒಂದು ಕಿತ್ತಳೆ ದೈತ್ಯವನ್ನು ಸುತ್ತುವ ಹಲ್ಲಾ ಎಂಬ ಗ್ರಹ 93 ದಿನಕ್ಕೊಮ್ಮೆ ಸುತ್ತು ಮುಗಿಸುತ್ತದೆ. ಅದರ ನಕ್ಷತ್ರ ಆಗಲೇ ಹೀಲಿಯಂ ಉರಿಸುತ್ತಿದೆ ಎಂದು ನಡುಕದಿಂದಲೇ ಗೊತ್ತಾಯಿತು. ಅಂದರೆ ಹಿಂದೊಮ್ಮೆ ಅದು ಉಬ್ಬಿ ಗ್ರಹದ ದಾರಿಯನ್ನು ದಾಟಿ ಚಾಚಿರಬೇಕಿತ್ತು. ಗ್ರಹ ಬೂದಿಯಾಗಬೇಕಿತ್ತು. ಆಗಿಲ್ಲ. ಎರಡು ನಕ್ಷತ್ರಗಳು ಬೆರೆತು ಒಂದಾದಾಗ ಆ ಉಬ್ಬುವಿಕೆ ನಡುವೆಯೇ ನಿಂತಿರಬಹುದು ಎಂಬುದು 2023ರಲ್ಲಿ ಪ್ರಕಟವಾದ ಒಂದು ವಿವರಣೆ.

ಮೂರೂವರೆ ಗಂಟೆಯ ಹೊತ್ತಿಗೆ ಪೂರ್ವದಲ್ಲಿ ಇನ್ನೊಂದು ಕಿತ್ತಳೆ ಚುಕ್ಕೆ ಎದ್ದಿತು, ರೋಹಿಣಿಗಿಂತಲೂ ಪ್ರಖರ. ಸ್ವಾತಿ. ಸುಮಾರು 37 ಜ್ಯೋತಿರ್ವರ್ಷ. ದ್ರವ್ಯ ಹೆಚ್ಚುಕಡಿಮೆ ಸೂರ್ಯನಷ್ಟೇ, ಅಗಲ 25 ಪಟ್ಟು, ವಯಸ್ಸು 700 ಕೋಟಿ ವರ್ಷದ ಆಸುಪಾಸು. ನಮ್ಮ ಸೂರ್ಯ ಮುದಿಯಾದಾಗ ಹೇಗಿರುತ್ತಾನೆ ಎಂದು ತಿಳಿಯಬೇಕಾದರೆ ಅದನ್ನು ನೋಡಬೇಕು. ಅದರಲ್ಲಿ ಕಬ್ಬಿಣ ಸೂರ್ಯನಲ್ಲಿರುವುದರ ಮೂರರಲ್ಲೊಂದು ಪಾಲು ಮಾತ್ರ. ಬೇರೆ ಕಾಲದ, ಬೇರೆ ದಾರಿಯ ನಕ್ಷತ್ರ ಅದು. ಸೆಕೆಂಡಿಗೆ 122 ಕಿಲೋಮೀಟರ್ ವೇಗದಲ್ಲಿ ನಮ್ಮನ್ನು ಹಾದು ಓಡುತ್ತಿದೆ. ನಕ್ಷತ್ರಗಳು ಕದಲುವುದಿಲ್ಲ ಎಂಬ ಸಾವಿರಾರು ವರ್ಷಗಳ ನಂಬಿಕೆಯನ್ನು 1718ರಲ್ಲಿ ಎಡ್ಮಂಡ್ ಹ್ಯಾಲಿ ಮುರಿದಾಗ ಅವನ ಕೈಯಲ್ಲಿದ್ದ ಸಾಕ್ಷಿಗಳು ಲುಬ್ಧಕ, ಸ್ವಾತಿ ಮತ್ತು ಇದೇ ರೋಹಿಣಿ. ಇನ್ನು ಸುಮಾರು 4,000 ವರ್ಷಕ್ಕೆ ಸ್ವಾತಿ ನಮಗೆ ಅತಿ ಹತ್ತಿರ ಬರುತ್ತದೆ. ಅಲ್ಲಿಂದ ದೂರ, ಇನ್ನೂ ದೂರ.

ಮನುಷ್ಯ ರೋಹಿಣಿಯತ್ತಲೂ ಒಂದು ದೂತನನ್ನು ಬಿಟ್ಟಿದ್ದಾನೆ. 1972ರಲ್ಲಿ ಹಾರಿದ ಪಯೊನಿಯರ್ 10 ಗುರುಗ್ರಹವನ್ನು ದಾಟಿ, 2003ರಲ್ಲಿ ಕೊನೆಯ ಕ್ಷೀಣ ಸಂಕೇತ ಕಳಿಸಿ, ಈಗ ಆ ದಿಕ್ಕಿನಲ್ಲೇ ಸಾಗುತ್ತಿದೆ. ಅಷ್ಟು ದೂರ ಕ್ರಮಿಸಲು 20 ಲಕ್ಷಕ್ಕೂ ಹೆಚ್ಚು ವರ್ಷ ಬೇಕು.

ದೊಡ್ಡಪ್ಪ ಟಾರ್ಚು ಹಾಕಿ ಹೊಲ ನೋಡಿದರು. ಸಲಗ ಓಡಿದ ದಾರಿಯಲ್ಲಿ ತೆನೆ ನೆಲಕ್ಕೆ ಹಾಸಿತ್ತು, ಉಳಿದದ್ದು ನಿಂತಿತ್ತು. ಅವರು ಏಣಿ ಇಳಿಬಿಟ್ಟು, ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟು ಹೇಳಿದರು:

"ಮನೇಗೋಗಿ ಎಲ್ರನ್ನೂ ಎಬ್ಬಿಸ್ಲಾ. ಕುಡ್ಲು ಎಷ್ಟವೋ ಅಷ್ಟೂ ತಗಂಬಾ. ಹೊತ್ತಾರೇಲೇ ಕುಯ್ಯಾಕ್ ಸುರು ಮಾಡಾನ. ಅದು ಸಂಜೀಗೆ ಇಲ್ಲೀಗೇ ಬತ್ತದೆ."